ಮಾಖೋಟ್ಸೊ ಎಂದು ಕರೆಸಿಕೊಂಡವಳು

ಬೆನ್ನಿಗಾನಹಳ್ಳಿಯ ಮುನಿವೆಂಕಟಪ್ಪನವರ ಮಗಳು ಹಂಸ ನರ್ಸ್ ಆಗಿ ದುಡಿಯುವುದು ಆ ಮನೆಯಲ್ಲಿ ಒಬ್ಬರಿಗೂ ಬೇಕಿರಲಿಲ್ಲ. ಒಂದು ಕಾಲಕ್ಕೆ ಹೂಕೋಸು, ದಂಟಿನಸೊಪ್ಪು ಬೆಳೆಯುತ್ತಿದ್ದ ಅವರ ಜಮೀನಿನಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ ಕೆಲಸಕ್ಕೆ ಹೋಗುವ ಹುಡುಗರು ಅದರ ಕೋಣೆಗಳಲ್ಲಿ ತುಂಬಿಕೊಂಡಿದ್ದಾರೆ. ಕೂತು ಉಂಡರೂ ಕರಗದಷ್ಟು ಬಾಡಿಗೆ ಬರುವ ಮನೆಯ ಹೆಣ್ಣುಮಗಳು ಯಾರದೋ ಬೆಡ್‌ಪ್ಯಾನ್ ಎತ್ತುವುದು ಮುನಿವೆಂಕಟಪ್ಪನವರಿಗೆ ಊರೊಳಗೆ ತಲೆ ತಗ್ಗಿಸುವ ವಿಷಯವಾಗಿತ್ತು.

"ನಾಕು ಫ್ಲೋರ್ ಬಾಡ್ಗೆ ಬತ್ತೈತೆ. ನಿಂಗ್ಯಾಕಮ್ಮ ಈ ಕರ್ಮ?" ಎನ್ನುತ್ತಿದ್ದರು.

"ಬಾಡ್ಗೆ ನಿಂದಪ್ಪ. ಸಂಬ್ಳ ನಂದು," ಎಂದು ಹಂಸ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು.

ಅವಳಿಗೆ ಮದುವೆಯಾಗಿತ್ತು, ಉಳಿಯಲಿಲ್ಲ. ಗಂಡ ರವಿಕಿರಣ ದಾವಣಗೆರೆ ಕಡೆಯವನು, ಇಂದಿರಾನಗರದ ಆಫೀಸೊಂದರಲ್ಲಿ ಕೆಲಸ. ಕೆಟ್ಟವನೇನಲ್ಲ, ಒಂದು ದಿನವೂ ಅವಳ ಮೇಲೆ ದನಿ ಎತ್ತಿದವನಲ್ಲ. ಮಕ್ಕಳಾಗಲಿಲ್ಲ. ಡಾಕ್ಟರರ ಬಳಿ ಓಡಾಡಿ ಇಬ್ಬರೂ ದಣಿದರು. ಕೊನೆಗೊಂದು ಭಾನುವಾರ ಅವನು ಹೋಟೆಲಿನಲ್ಲಿ ಎದುರು ಕೂತು, "ಅಮ್ಮ ಬಾಳ ಮನಸ್ಸಿಗೆ ಹಚ್ಕೊಂಡಾರ ಹಂಸಾ, ನನಗ ಏನ್ ಮಾಡ್ಬೇಕೋ ತಿಳೀವಲ್ದು" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅತ್ತು ಬಿಡುಗಡೆ ಕೇಳುವವನಿಗೆ ಇಲ್ಲ ಎನ್ನಲು ಅವಳಿಗೆ ಬರಲಿಲ್ಲ. ಮುಂದಿನ ವರ್ಷವೇ ಅವನಿಗೆ ಬೇರೆ ಮದುವೆಯಾಯಿತು. ಹಂಸ ತವರಿಗೆ ಬಂದು ಮೇಲಿನ ಮಹಡಿಯ ಕೋಣೆ ಹಿಡಿದಳು.

ಹಲಸೂರಿನ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದ ಹಿರಿಯ ನರ್ಸ್ ಮಾರಿಯಾ ಲೆಸೋಥೋ ಎಂಬ ದೇಶದ ಮಾತು ತೆಗೆದದ್ದು ಆ ದಿನಗಳಲ್ಲೇ. ಮಾರಿಯಾ ಹಿಂದೆ ಕೆಲವು ವರ್ಷ ಅಲ್ಲಿ ಕೆಲಸ ಮಾಡಿ ಬಂದಿದ್ದಳು.

"ಸೌತ್ ಆಫ್ರಿಕಾ ಹೊಟ್ಟೆ ಒಳಗೆ ಇರೋ ಪುಟ್ಟ ದೇಶ ಕಣೆ. ಬರೀ ಬೆಟ್ಟ. ಚಳಿ ಅಂದ್ರೆ, ಅಯ್ಯೋ ಕಡವುಳೇ! ಊರಿಗೂರೇ ಎಚ್‌ಐವಿ, ಟಿಬಿ. ಬೆಟ್ಟದ ಮೇಲೆ ಒಂದು ಟ್ರಸ್ಟಿನ ಕ್ಲಿನಿಕ್ ಇದೆ, ನರ್ಸ್ ಬೇಕಂತೆ. ಹೋಗ್ತೀಯಾ?"

ಹಂಸ ಆ ದೇಶದ ಹೆಸರನ್ನು ಕೇಳಿದ್ದು ಅದೇ ಮೊದಲು. ಹೋಗುತ್ತೇನೆ ಎಂದಳು. ಮನೆಯಲ್ಲಿ ತಾಯಿ ರಾಮಲಕ್ಷ್ಮಮ್ಮ ಅತ್ತರು. ಅಣ್ಣ ಮುನಿರಾಜ್, "ದುಬೈ ಅಂದ್ರೆ ಹೇಳ್ಕೊಳಕ್ಕಾದ್ರೂ ಚೆನ್ನಾಗಿರ್ತದೆ, ಇದ್ಯಾವ ದೇಶನೋ!" ಎಂದು ನಕ್ಕ. ಮುನಿವೆಂಕಟಪ್ಪ ವಿಮಾನ ನಿಲ್ದಾಣಕ್ಕೂ ಬರಲಿಲ್ಲ.

ಕ್ಲಿನಿಕ್ ಇದ್ದ ಹಳ್ಳಿ ದೇಶದ ಪೂರ್ವದ ತುದಿಯಲ್ಲಿತ್ತು. ಮೊಖೋಟ್ಲಾಂಗ್ ಎಂಬ ಪಟ್ಟಣದವರೆಗೆ ಬಸ್ಸು, ಅಲ್ಲಿಂದ ವ್ಯಾನು, ವ್ಯಾನು ನಿಂತಲ್ಲಿಂದ ಕುದುರೆ ಅಥವಾ ಕಾಲ್ನಡಿಗೆ. ಕಲ್ಲಿನ ಗೋಡೆ, ತಗಡಿನ ಮಾಡು, ಒಂದು ಸೀಮೆಎಣ್ಣೆ ಒಲೆ, ಔಷಧಿಯ ಫ್ರಿಜ್ಜಿಗೆಂದು ಸೋಲಾರ್ ಹಲಗೆ. ಹಿಂಬದಿಯ ಕೋಣೆಯೇ ಅವಳ ಮನೆ. ಸುತ್ತ ಮರವೆಂಬುದಿಲ್ಲ. ಬೋಳು ಬೆಟ್ಟದ ಹಿಂದೆ ಇನ್ನೊಂದು ಬೋಳು ಬೆಟ್ಟ, ಅದರ ಹಿಂದೆ ಮತ್ತೊಂದು. ಬೆಂಗಳೂರಿನಲ್ಲಿ ಬಿಸಿಲು ಸುಡುವ ತಿಂಗಳು ಅಲ್ಲಿ ಚಳಿ ಶುರುವಾಗುತ್ತಿತ್ತು, ಜೂನ್ ಜುಲೈಗೆ ಹಿಮ ಬೀಳುತ್ತಿತ್ತು. ಗಂಡಸರು, ಹೆಂಗಸರು ಎಲ್ಲರೂ ದಪ್ಪ ಕಂಬಳಿಯನ್ನು ಹೊದ್ದು ಎದೆಯ ಬಳಿ ಪಿನ್ನು ಚುಚ್ಚಿಕೊಂಡೇ ಓಡಾಡುತ್ತಿದ್ದರು. ಮೊದಲ ವಾರ ಹಂಸ ಎರಡು ಸ್ವೆಟರ್ ಹಾಕಿಕೊಂಡು ನಡುಗಿದಳು. ಆಮೇಲೆ ಅವಳೂ ಒಂದು ಕಂಬಳಿ ಕೊಂಡಳು.

ಅವಳಿಗೆ ಊಟದ ಕಷ್ಟವಾಗಲಿಲ್ಲ. ಅಲ್ಲಿಯವರು ಬಿಳಿ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಕೋಲಿನಿಂದ ತಿರುವಿ ಗಟ್ಟಿ ಮಾಡಿ, ಬೇಯಿಸಿದ ಸೊಪ್ಪಿನ ಜೊತೆ ತಿನ್ನುತ್ತಿದ್ದರು. ಮೊದಲ ದಿನ ತಟ್ಟೆ ಮುಂದೆ ಬಂದಾಗ ಅವಳು ಫೋನಿನಲ್ಲಿ ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು. "ಮುದ್ದೆ ಅಲ್ವೇನೆ ಇದು? ಬೆಳ್ಳಗೈತೆ ಅಷ್ಟೆ," ಎಂದರು ರಾಮಲಕ್ಷ್ಮಮ್ಮ. ಒಲೆಗೆ ಅಲ್ಲಿಯೂ ಬೆರಣಿಯೇ. ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ದಾಟಿಹೋದರೆ ಅಲ್ಲಿಯೂ ಸೊಕ್ಕಿನವಳೆಂಬ ಹೆಸರು ಬರುತ್ತಿತ್ತು.

ಅವಳಿಗೆ ಭಾಷೆ ಹೇಳಿಕೊಟ್ಟವಳು ಮಮೆಲ್ಲೋ. ಆ ಹಳ್ಳಿಯವಳೇ, ಕ್ಲಿನಿಕ್ಕಿನ ಆರೋಗ್ಯ ಸಹಾಯಕಿ, ಐವತ್ತರ ಹತ್ತಿರದ ಹೆಂಗಸು. ಇಂಗ್ಲಿಷ್ ಬರುತ್ತಿತ್ತು. ಇಬ್ಬರೂ ಕುದುರೆಯ ಮೇಲೆ ಔಷಧಿಯ ಚೀಲ ಹೇರಿಕೊಂಡು ಬೆಟ್ಟ ಹತ್ತಿ ಮನೆಮನೆಗೆ ಹೋಗುತ್ತಿದ್ದರು. ಕ್ಲಿನಿಕ್ಕಿಗೆ ತಾನಾಗಿ ಬರುವವರು ಕಡಿಮೆ. ಹರೆಯದ ಗಂಡಸರೆಲ್ಲ ದಕ್ಷಿಣ ಆಫ್ರಿಕದ ಗಣಿಗಳಿಗೆ ಹೋಗಿರುತ್ತಿದ್ದರು, ಇಲ್ಲವೆ ಅಲ್ಲಿಂದ ಕೆಮ್ಮುತ್ತ ತಿರುಗಿ ಬಂದಿರುತ್ತಿದ್ದರು. ಶನಿವಾರ ಬಂತೆಂದರೆ ಯಾವುದಾದರೂ ಹಳ್ಳಿಯಲ್ಲಿ ಮಣ್ಣು ಮಾಡುವುದಿರುತ್ತಿತ್ತು. ಮೊದಮೊದಲು ಹಂಸ ಪ್ರತಿಯೊಂದಕ್ಕೂ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ತನ್ನ ರೋಗಿಗಳದ್ದಕ್ಕೆ ಮಾತ್ರ ಹೋದಳು. ಅದೂ ಸಾಕಷ್ಟಿತ್ತು.

ಆ ನಾಡಿನಲ್ಲಿ ಮದುವೆಯಾದ ಹೆಂಗಸನ್ನು ಸ್ವಂತ ಹೆಸರಿನಿಂದ ಕರೆಯುವುದು ಕಡಿಮೆ, ಹೆಚ್ಚಾಗಿ ಇಂಥವರ ತಾಯಿ ಎಂದೇ ಕರೆಯುತ್ತಾರೆ. ಹೊಸ ಸೊಸೆ ಮನೆಗೆ ಕಾಲಿಟ್ಟಾಗ, ಮಗು ಹುಟ್ಟುವ ಮೊದಲೇ, ಮಗುವಿನ ಹೆಸರನ್ನು ಆರಿಸಿ ಅವಳಿಗೆ ಇಟ್ಟುಬಿಡುತ್ತಾರೆ. ಮಮೆಲ್ಲೋ ಒಂದು ದಿನ ದಾರಿಯಲ್ಲಿ, "ನಿನ್ನ ಮಕ್ಕಳ ಹೆಸರೇನು?" ಎಂದು ಕೇಳಿದಳು.

"ಮಕ್ಕಳಿಲ್ಲ."

"ಮದುವೆ?"

"ಆಗಿತ್ತು."

ಮಮೆಲ್ಲೋ ಹೆಚ್ಚು ಕೇಳಲಿಲ್ಲ. ಆದರೆ ಮುಂದಿನ ವಾರ ಊರ ಹೆಂಗಸರು ಅವಳನ್ನು ಕೂರಿಸಿ, ತಲೆಗೆ ಬಟ್ಟೆ ಕಟ್ಟಿ, ಮಾಖೋಟ್ಸೊ ಎಂದು ಹೆಸರಿಟ್ಟರು. ಖೋಟ್ಸೊ ಎಂದರೆ ನೆಮ್ಮದಿ. ಖೋಟ್ಸೊನ ತಾಯಿ. ಇಲ್ಲದ ಮಗುವಿನ ಹೆಸರಿನಿಂದ ಕರೆಸಿಕೊಳ್ಳುವುದು ಮೊದಲು ಅವಳಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಆದರೆ ಬೆಟ್ಟದ ಆ ಕಡೆಯಿಂದ ಕುರಿ ಕಾಯುವವರು "ಮಾಖೋಟ್ಸೊ!" ಎಂದು ಕೂಗಿ ಕೈ ಬೀಸಿದರೆ ಅವಳಿಗೆ ತಿಳಿಯದೆಯೇ ಅವಳ ಕೈಯೂ ಮೇಲೇಳುತ್ತಿತ್ತು. ಬೆನ್ನಿಗಾನಹಳ್ಳಿಯಲ್ಲಿ ಅವಳನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಇಲ್ಲಿ ಕರೆದು ಕೂರಿಸುತ್ತಿದ್ದರು.

ಎರಡು ಚಳಿಗಾಲ ಹೀಗೆ ಕಳೆಯಿತು. ಮೂರನೆಯದರ ಹೊತ್ತಿಗೆ ಪುಲೆಂಗ್ ಎಂಬ ಹುಡುಗಿ ಅವಳ ಕೈಗೆ ಬಂದಳು. ಗಣಿಯಿಂದ ಕೆಮ್ಮುತ್ತ ಬಂದ ಗಂಡ ಮಣ್ಣಾಗಿದ್ದ. ಪುಲೆಂಗ್ ಬಸುರಿ, ರಕ್ತದಲ್ಲಿ ಎಚ್‌ಐವಿ ಇತ್ತು. ಮಾತ್ರೆ ಕೊಟ್ಟರೆ ತಲೆಯಾಡಿಸಿ ತೆಗೆದುಕೊಂಡು ಹೋಗುತ್ತಿದ್ದಳು, ನುಂಗುತ್ತಿರಲಿಲ್ಲ. ಹಂಸ ಅವಳ ಗುಡಿಸಿಲಿಗೆ ಹೋಗಿ ನೋಡಿದರೆ ಡಬ್ಬಿಗಳು ಜೋಳದ ಮೂಟೆಯೊಳಗೆ ಹೂತುಕೊಂಡಿದ್ದವು.

ಮಮೆಲ್ಲೋ ಬೈಯಲು ಹೊರಟಳು. ಹಂಸ ಅವಳನ್ನು ತಡೆದು ನೆಲದ ಮೇಲೆ ಕೂತಳು.

"ಯಾಕೆ ನುಂಗಲ್ಲ?"

"ಅತ್ತೆ ನೋಡ್ತಾಳೆ. ನನ್ನ ಮಗನನ್ನ ತಿಂದವಳು ನೀನೇ ಅಂತಾಳೆ."

"ನಿನಗೆ ಬಂದಿದ್ದು ಅವನಿಂದ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಬೇಡ."

ಹಂಸ ಆ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡಳು. ನಾಳೆಯಿಂದ ದಿನಾ ನೀರು ತರಲು ಹೋಗುವಾಗ ಕ್ಲಿನಿಕ್ಕಿನ ಮುಂದೆ ಬಾ, ನಾನೇ ಕೊಡುತ್ತೇನೆ, ಅಲ್ಲೇ ನುಂಗಿ ಹೋಗು ಎಂದಳು. ಪುಲೆಂಗ್ ಬಂದಳು. ಹಿಮ ಬಿದ್ದ ದಿನಗಳಲ್ಲಿ ಹಂಸಳೇ ಬುಗ್ಗೆಯ ಬಳಿ ಹೋಗಿ ನಿಂತಿರುತ್ತಿದ್ದಳು. ಹುಡುಗಿ ಬಿಂದಿಗೆ ಇಳಿಸಿ, ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿ ನಗುತ್ತಿದ್ದಳು. ದಿನ ಕಳೆದಂತೆ ಮೈ ತುಂಬಿಕೊಂಡಳು.

ನವೆಂಬರಿನಲ್ಲಿ ಗಂಡುಮಗು ಹುಟ್ಟಿತು. ಒಂದೂವರೆ ತಿಂಗಳಿಗೆ ರಕ್ತ ಪರೀಕ್ಷೆಗೆ ಕಳಿಸಿದರು. ಮಗುವಿಗೆ ಸೋಂಕಿಲ್ಲ ಎಂದು ಫಲಿತಾಂಶ ಬಂದ ದಿನ ಮಮೆಲ್ಲೋ ಕ್ಲಿನಿಕ್ಕಿನ ಮುಂದೆ ನಿಂತು ಗಂಟಲು ಬಿಚ್ಚಿ ಕೂಗಿದಳು, ಬೆಟ್ಟದ ಹೆಂಗಸರು ಖುಷಿಗೆ ಕೂಗುವ ಹಾಗೆ. ಪುಲೆಂಗ್ ಮಗುವನ್ನು ತಂದು ಹಂಸಳ ಮಡಿಲಿಗೆ ಹಾಕಿದಳು.

"ಇವನ ಹೆಸರು ಖೋಟ್ಸೊ. ನಿನ್ನ ಹತ್ರ ಹೆಸರು ಮಾತ್ರ ಇತ್ತು. ಈಗ ಇವನೂ ಇದಾನೆ."

ಹಂಸ ಮಗುವನ್ನು ಎತ್ತಿಕೊಂಡಳು. ಎದ್ದು ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋಗಿ ಅಮ್ಮನಿಗೆ ವಿಡಿಯೊ ಕರೆ ಮಾಡಿದಳು. ರಾಮಲಕ್ಷ್ಮಮ್ಮ ಮಗುವನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರ್ದೇ ಕೂಸು?"

"ನಂದೇ ಅನ್ಕೋ."

"ತಲೆಗೆ ಹರಳೆಣ್ಣೆ ಒತ್ತು, ನೆತ್ತಿ ತಣ್ಗಿರ್ತದೆ. ಕಾಲು ನೀವು. ಗಟ್ಟಿ ಕೂಸು. ದೃಷ್ಟಿ ಆಗ್ತದೆ, ಒಂದು ಬೊಟ್ಟಿಡೇ."

ಹರಳೆಣ್ಣೆ ಅಲ್ಲಿ ಎಲ್ಲಿಂದ ಬರಬೇಕು? ಅವಳು ಒಲೆಯ ಮಸಿ ತೆಗೆದು ಕೆನ್ನೆಗೆ ಬೊಟ್ಟಿಟ್ಟಳು. ಪುಲೆಂಗ್ ಬಿದ್ದು ಬಿದ್ದು ನಕ್ಕಳು.

ಆ ಕ್ಲಿನಿಕ್ ನಡೆಯುತ್ತಿದ್ದದ್ದು ದೂರದ ದೊಡ್ಡ ದೇಶವೊಂದರ ನೆರವಿನಿಂದ. ಜನವರಿಯ ಕೊನೆಗೆ ಆ ದೇಶ ನೆರವು ನಿಲ್ಲಿಸಿತು. ಬೆಟ್ಟದ ಮೇಲೆ ಅದು ಯಾರಿಗೂ ಗೊತ್ತಾಗಲಿಲ್ಲ. ಟ್ರಸ್ಟಿನ ಸಂಯೋಜಕ ಲೆಬೊಹಾಂಗ್ ರಾಜಧಾನಿಯಿಂದ ಬಂದು, ಕುದುರೆಯಿಂದ ಇಳಿದವನೇ ಗೋಡೆಗೆ ಒರಗಿ ನಿಂತ. ಅವನ ಮುಖ ನೋಡಿ ಯಾರೋ ಸತ್ತಿದ್ದಾರೆ ಎಂದುಕೊಂಡಳು ಹಂಸ.

"ಮುಚ್ಚಬೇಕು," ಎಂದ. "ಈ ವಾರವೇ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ. ಕೇಳಬೇಡ. ನನ್ನ ಕೆಲಸವೂ ಹೋಯ್ತು."

"ಇವರ ಮಾತ್ರೆ?"

"ಮೊಖೋಟ್ಲಾಂಗ್ ಆಸ್ಪತ್ರೆಯಲ್ಲಿ ಸಿಗುತ್ತೆ. ಅಲ್ಲಿಗೆ ಹೋಗಬೇಕು."

"ಹೇಗೆ ಹೋಗ್ತಾರೆ? ಹಿಮ ಬಿದ್ದರೆ? ನಡೆಯೋಕೆ ಆಗದವರು?"

ಉಳಿದ ಔಷಧಿಯನ್ನು ಯಾರಿಗೂ ಹಂಚದೆ ಪೆಟ್ಟಿಗೆ ಕಟ್ಟಿ ಕೊಡಬೇಕೆಂದು ಅಪ್ಪಣೆಯಾಗಿತ್ತು. ಹಂಸ ಕಪಾಟಿನ ಬಾಗಿಲು ತೆರೆದು ಅವನನ್ನೇ ನೋಡುತ್ತ ನಿಂತಳು. ಲೆಬೊಹಾಂಗ್ ಸಿಗರೇಟು ತೆಗೆದು ಹೊರಗೆ ಹೋಗಿ, ಬೆಟ್ಟಕ್ಕೆ ಮುಖ ಮಾಡಿ ಕೂತುಬಿಟ್ಟ. ಆ ಮಧ್ಯಾಹ್ನವೆಲ್ಲ ಹಂಸ ಮತ್ತು ಮಮೆಲ್ಲೋ ಬಂದವರಿಗೆಲ್ಲ ಇದ್ದಷ್ಟನ್ನು ಹಂಚಿದರು. ಸುದ್ದಿ ಮುಟ್ಟದವರು ಬರಲೇ ಇಲ್ಲ.

ಪುಲೆಂಗ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಹಂಸ ಅವಳಿಗೆ ಉಳಿದವರಿಗಿಂತ ಒಂದು ಡಬ್ಬಿ ಹೆಚ್ಚಾಗಿಯೇ ಕೊಟ್ಟಳು. "ಮೊಲೆ ಕುಡಿಸ್ತಾ ಇರೋವರೆಗೂ ಒಂದು ದಿನವೂ ತಪ್ಪಿಸಬೇಡ. ತಪ್ಪಿಸಿದರೆ ಇವನಿಗೆ ಬರುತ್ತೆ. ಮುಗಿಯೋ ಮುಂಚೆ ಪಟ್ಟಣಕ್ಕೆ ಹೋಗು."

"ನೀನು ಯಾವಾಗ ಬರ್ತೀಯ?"

"ಬೇಗ," ಎಂದಳು ಹಂಸ. ಮಮೆಲ್ಲೋ ಅವಳ ಕಡೆ ನೋಡದೆ ಮಗುವಿನ ಕಂಬಳಿಯ ಗಂಟು ಬಿಗಿದಳು.

ಬೆಂಗಳೂರಿಗೆ ಬಂದಿಳಿದಾಗ ಈ ಸಲ ಮುನಿವೆಂಕಟಪ್ಪ ಕಾರು ಮಾಡಿಕೊಂಡು ವಿಮಾನ ನಿಲ್ದಾಣಕ್ಕೇ ಬಂದಿದ್ದರು. "ಸಾಕಾಯ್ತಲ್ಲ? ಇನ್ನು ಮನೇಲಿರು," ಎಂದರು, ಪ್ರೀತಿಯಿಂದಲೇ. ಅವಳಿದ್ದ ಮೇಲಿನ ಕೋಣೆಯನ್ನು ಮುನಿರಾಜ್ ಬಾಡಿಗೆಗೆ ಕೊಟ್ಟಿದ್ದ. ಕೆಳಗೆ ಅಮ್ಮನ ಮಂಚದ ಪಕ್ಕ ಹಾಸಿಗೆ ಹಾಕಿಕೊಂಡಳು. ತಿಂಗಳೊಳಗೆ ಕಲ್ಯಾಣ ನಗರದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಸಿಕ್ಕಿತು. ಟಿನ್ ಫ್ಯಾಕ್ಟರಿಯ ಬಳಿ ಬಸ್ಸು ಹತ್ತಿ, ರಿಂಗ್ ರೋಡಿನ ಧೂಳು ಕುಡಿದು, ಹೋಗಿ ಬಂದು ಮಾಡತೊಡಗಿದಳು.

ಮಮೆಲ್ಲೋ ದಿಬ್ಬ ಹತ್ತಿದಾಗಲೆಲ್ಲ ಸಂದೇಶ ಕಳಿಸುತ್ತಿದ್ದಳು. ಮಗು ಕೂತಿತು. ಹಲ್ಲು ಬಂತು. ಇಂಥವರು ತೀರಿಕೊಂಡರು. ಕ್ಲಿನಿಕ್ಕಿನ ತಗಡನ್ನು ಯಾರೋ ಬಿಚ್ಚಿಕೊಂಡು ಹೋದರು. ಮೇ ತಿಂಗಳಿನಲ್ಲಿ ಬಂದ ಸಂದೇಶ ಹೀಗಿತ್ತು: ಪುಲೆಂಗ್ ಮಾತ್ರೆ ಮುಗಿಯಿತು. ಪಟ್ಟಣಕ್ಕೆ ಹೋಗಿದ್ದಳು. ಆಸ್ಪತ್ರೆಯಲ್ಲಿ ಜನವೋ ಜನ, ನರ್ಸುಗಳಿಲ್ಲ. ಸರದಿ ಬರುವಷ್ಟರಲ್ಲಿ ಕಿಟಕಿ ಮುಚ್ಚಿತು. ವಾಪಸಿನ ವ್ಯಾನು ತಪ್ಪಿದರೆ ಉಳಿಯಲು ಜಾಗವಿಲ್ಲ, ಬಂದುಬಿಟ್ಟಳು. ಈ ಸಲ ಹಿಮ ಬೇಗ ಬಿತ್ತು.

ಹಂಸ ಮರುದಿನವೇ ರಜೆ ಹಾಕಿ ಶಿವಾಜಿನಗರಕ್ಕೆ ಹೋದಳು. ಆ ಮಾತ್ರೆಯ ಡಬ್ಬಿಗಳ ಮೇಲೆ ಭಾರತದಲ್ಲಿ ತಯಾರಾದದ್ದು ಎಂದು ಬರೆದಿದ್ದನ್ನು ಅವಳು ಬೆಟ್ಟದ ಮೇಲೆ ದಿನವೂ ನೋಡಿದ್ದಳು. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಚಾಂದ್ ಪಾಷಾ ಎಂಬುವರ ಔಷಧಿ ಅಂಗಡಿ ಇತ್ತು. ಮಾರಿಯಾಳ ಪರಿಚಯದ ಡಾಕ್ಟರೊಬ್ಬರಿಂದ ಹಂಸ ಔಷಧಿಯ ಚೀಟಿ ಬರೆಸಿಕೊಂಡು ಬಂದಿದ್ದಳು. ಚಾಂದ್ ಪಾಷಾ ಅದೇ ಡಬ್ಬಿಯನ್ನು ಕಪಾಟಿನಿಂದ ತೆಗೆದು ಕೌಂಟರಿನ ಮೇಲಿಟ್ಟರು. ಅಷ್ಟು ಸುಲಭವಾಗಿ ಅದು ಎದುರಿಗೆ ಬಂದದ್ದು ನೋಡಿ ಅವಳು ಡಬ್ಬಿಯ ಮೇಲಿನ ಹೆಸರನ್ನು ಎರಡು ಸಲ ಓದಿದಳು.

"ಯಾರಿಗಮ್ಮ?"

"ನಮ್ಮನೆ ಹುಡ್ಗೀಗೆ."

ಅವರು ಮತ್ತೇನೂ ಕೇಳದೆ ಕಾಗದದಲ್ಲಿ ಸುತ್ತಿಕೊಟ್ಟು, "ಅಲ್ಲಾ ಖೈರ್ ಕರೇ, ಒಳ್ಳೇದಾಗ್ಲಿ" ಎಂದರು.

ಕೊರಿಯರ್ ಅಂಗಡಿಯವರು ಒಪ್ಪಲಿಲ್ಲ. "ಮೆಡಿಸಿನ್ ಎಲ್ಲಾ ಹಂಗೆ ಕಳ್ಸಕ್ಕಾಗಲ್ಲ ಮೇಡಂ. ಲೈಸೆನ್ಸ್ ಬೇಕು, ಆ ಕಡೆಯಿಂದ ಪರ್ಮಿಷನ್ ಬೇಕು." ಇನ್ನೊಬ್ಬರ ಬಳಿ ಹೋದಳು. ಅದೇ ಮಾತು. ಅಂಚೆ ಕಚೇರಿಯಲ್ಲೂ ಅದೇ. ಕೊನೆಗೆ ಮಾರಿಯಾ ಹಲಸೂರಿನ ಚರ್ಚಿನಲ್ಲಿ ವಿಚಾರಿಸಿ, ಲೆಸೋಥೋದ ರಾಜಧಾನಿಯ ಕಾನ್ವೆಂಟಿಗೆ ಹೊರಟಿದ್ದ ಸಿಸ್ಟರ್ ಒಬ್ಬರನ್ನು ಹುಡುಕಿಕೊಟ್ಟಳು. ಡಾಕ್ಟರ ಚೀಟಿಯೊಂದಿಗೆ ಪೊಟ್ಟಣ ಅವರ ಪೆಟ್ಟಿಗೆಯಲ್ಲಿ ಹೋಯಿತು. ಸುರಕ್ಷಿತವಾಗಿ ತಲುಪಿತು ಕೂಡ. ಆದರೆ ರಾಜಧಾನಿ ಪಶ್ಚಿಮದ ಬಯಲಿನಲ್ಲಿದೆ, ಹಳ್ಳಿ ಪೂರ್ವದ ಬೆಟ್ಟದ ಮೇಲೆ. ಆ ಸಲ ಹಿಮ ಜೋರಾಗಿತ್ತು, ದಾರಿ ಕಟ್ಟಿತ್ತು. ಸಿಸ್ಟರ್ ಹೋಗುವ ಬರುವ ಡ್ರೈವರುಗಳನ್ನೆಲ್ಲ ಕೇಳಿದರು. ಪೊಟ್ಟಣ ಕಾನ್ವೆಂಟಿನ ಕಪಾಟಿನಲ್ಲೇ ಉಳಿಯಿತು.

ಜುಲೈ ಪೂರ್ತಿ ಸುದ್ದಿಯಿರಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ, ಐಸಿಯುನ ಕೈ ತೊಳೆಯುವ ಸಿಂಕಿನ ಬಳಿ ನಿಂತಿದ್ದಾಗ ಮಮೆಲ್ಲೋಳ ಧ್ವನಿ ಸಂದೇಶ ಬಂತು. ಗಾಳಿಯ ಸದ್ದಿನ ನಡುವೆ ಅವಳು ನಿಧಾನವಾಗಿ, ಇಂಗ್ಲಿಷಿನಲ್ಲಿ, ವರದಿ ಒಪ್ಪಿಸುವಂತೆ ಹೇಳಿದ್ದಳು. ಖೋಟ್ಸೊಗೆ ಜ್ವರ ಬಂತು. ಉಸಿರಾಟ ಬಹಳ ಜೋರಾಯಿತು. ಕುದುರೆಯ ಮೇಲೆ ಪುಲೆಂಗಳನ್ನು ಕೂರಿಸಿ, ಮಗುವನ್ನು ಕಂಬಳಿಯಲ್ಲಿ ಕಟ್ಟಿ, ನಾನೇ ಹಗ್ಗ ಹಿಡಿದು ನಡೆದೆ. ಕಣಿವೆ ಇಳಿಯುವಾಗ ಪುಲೆಂಗ್, ಇವನು ಸುಮ್ಮನಾದ, ನಿದ್ದೆ ಬಂತು ಎಂದಳು. ನಾನು ಬಿಚ್ಚಿ ನೋಡಲಿಲ್ಲ. ಪಟ್ಟಣ ಮುಟ್ಟುವವರೆಗೂ ನೋಡಲಿಲ್ಲ.

ಹಂಸ ಫೋನನ್ನು ಜೇಬಿಗೆ ಹಾಕಿ ಕೈ ತೊಳೆದಳು. ಏಳನೆಯ ಬೆಡ್ಡಿನ ಮುದುಕರಿಗೆ ಮಗ್ಗಲು ಬದಲಿಸಬೇಕಿತ್ತು, ಬದಲಿಸಿದಳು. ಅವರ ಮಗಳು, "ಸಿಸ್ಟರ್, ಯಾಕೆ ಅಳ್ತಿದೀರ? ಅಪ್ಪಂಗೇನಾದ್ರೂ..." ಎಂದು ಗಾಬರಿಯಾದಳು. "ಇಲ್ಲ, ಅವ್ರು ಚೆನ್ನಾಗಿದಾರೆ," ಎಂದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ರಾಮಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, "ಗಟ್ಟಿಯಾಗಿತ್ತಲ್ಲೇ ಕೂಸು," ಎಂದರು. ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮುನಿವೆಂಕಟಪ್ಪ ಟೀವಿಯ ಸದ್ದು ಕಡಿಮೆ ಮಾಡಿ, ಏನಾಯಿತೆಂದು ಕೇಳಿ ತಿಳಿದುಕೊಂಡು, "ಯಾರ್ದೋ ದೇಶ, ಯಾರ್ದೋ ಮಗ. ನೀನೇನ್ ಮಾಡಕ್ಕಾಯ್ತದೆ ಬಿಡು," ಎಂದರು. ಸಮಾಧಾನಕ್ಕೇ ಹೇಳಿದ್ದು. ಹಂಸ ಎದ್ದು ಮಹಡಿಗೆ ಹೋದಳು. ಅಲ್ಲಿ ಬಾಡಿಗೆ ಹುಡುಗರ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ನಡುವೆ ಸ್ವಲ್ಪ ಹೊತ್ತು ನಿಂತಿದ್ದು ಇಳಿದು ಬಂದಳು.

ಸೆಪ್ಟೆಂಬರಿನಲ್ಲಿ ಹಿಮ ಕರಗಿ ದಾರಿ ಬಿಟ್ಟಿತು. ಪೊಟ್ಟಣವನ್ನು ಕಳಿಸಲೇ ಎಂದು ಸಿಸ್ಟರ್ ಕೇಳಿದರು. ಕಳಿಸಿ, ಪುಲೆಂಗ್ ಇದ್ದಾಳಲ್ಲ ಎಂದಳು ಹಂಸ. ಮಾತ್ರೆಗಳು ಹಳ್ಳಿ ಮುಟ್ಟಿದವು. ಪುಲೆಂಗ್ ಒಂದನ್ನೂ ನುಂಗಲಿಲ್ಲ. ಯಾರಿಗೋಸ್ಕರ ನುಂಗಲಿ ಎಂದು ಕೇಳಿದಳಂತೆ. ಮಮೆಲ್ಲೋ ಅವನ್ನು ಬೇರೆಯವರಿಗೆ ಹಂಚಿದಳು. ವರ್ಷ ಮುಗಿಯುವ ಮೊದಲು ಪುಲೆಂಗಳೂ ತೀರಿಕೊಂಡಳು. ಮಮೆಲ್ಲೋ ಗಡಿ ದಾಟಿ ದಕ್ಷಿಣ ಆಫ್ರಿಕದಲ್ಲಿ ಯಾರದೋ ಮನೆಗೆಲಸಕ್ಕೆ ಸೇರಿದಳು. ಆಮೇಲೆ ಅವಳ ಹಳೆಯ ನಂಬರಿಗೆ ಕರೆ ಹೋಗಲಿಲ್ಲ.

ಹಂಸ ಇನ್ನೆರಡು ಸಂಸ್ಥೆಗಳಿಗೆ ಬರೆದು ನೋಡಿದಳು. ಎಲ್ಲೂ ಕೆಲಸವಿಲ್ಲ, ಇದ್ದವರನ್ನೇ ಕಳಿಸುತ್ತಿದ್ದೇವೆ ಎಂಬ ಉತ್ತರ ಬಂತು. ಒಂದು ಭಾನುವಾರ ಹಲಸೂರು ಕೆರೆಯ ಬಳಿ ಮಾರಿಯಾಳ ಜೊತೆ ಕೂತಿದ್ದಾಗ, "ನೀನು ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು ಮಾರಿಯಾ," ಎಂದಳು.

"ಹೋಗಿದ್ದು ತಪ್ಪಾಯ್ತು ಅಂತೀಯಾ?"

"ಹೋಗ್ದೇ ಇದ್ದಿದ್ರೆ ಗೊತ್ತಾಗ್ತಿರ್ಲಿಲ್ಲ, ಅಷ್ಟೆ."

ಮಾರಿಯಾ ಅವಳ ಕೈ ಹಿಡಿದುಕೊಂಡಳು. ಹೆಂಡತಿ ತೀರಿಕೊಂಡಿದ್ದ, ವಿಮಾನಪುರದ ಕಡೆಯ ಗಂಡೊಂದನ್ನು ಮುನಿವೆಂಕಟಪ್ಪ ಗೊತ್ತು ಮಾಡಿದ್ದರು, ಅವರು ಸಂಜೆ ನೋಡಲು ಬರುವವರಿದ್ದರು. ಹಂಸ ಬೇಡವೆಂದಿರಲಿಲ್ಲ, ಆಗಲಿ ಎಂದೂ ಅಂದಿರಲಿಲ್ಲ. "ಅವ್ರು ಬಂದ್ಬಿಡ್ತಾರೆ, ಹೋಗ್ಬೇಕು," ಎಂದು ಎದ್ದು, ಸೀರೆಗೆ ಅಂಟಿದ ಹುಲ್ಲು ಕೊಡವಿ, ಮೆಟ್ರೊ ಕಡೆಗೆ ನಡೆದಳು.